ಹವ್ಯಾಸಿ ಭೂಕಂಪ ಮುನ್ಸೂಚನೆ

ಭೂಕಂಪ ಇಂಥ ಕಡೆ, ಇಂಥ ದಿನ ಆಗುತ್ತದೆಂದು ಭೂಕಂಪಶಾಸ್ತ್ರದ ಕ್ಷೇತ್ರದ ಹೊರಗಿನವರು ಮುಂಚಿತವಾಗಿ ಸಾರುವುದಕ್ಕೆ ಈ ಹೆಸರು. ಗ್ರಹಗಳ ಜೋಡಣೆ, ಚಂದ್ರನ ಸೆಳೆತ, ನೆಲದಿಂದ ಹೊಮ್ಮುವ ರೇಡಾನ್ ಅನಿಲ, ಬಾವಿನೀರಿನ ಏರಿಳಿತ, ನಾಯಿ-ಬೆಕ್ಕುಗಳ ಚಡಪಡಿಕೆ ಮುಂತಾದವು ಇವರ ಆಧಾರ. ಇವನ್ನೆಲ್ಲ ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ರೇಡಾನ್ ಮತ್ತು ಅಂತರ್ಜಲವನ್ನು ವಿಜ್ಞಾನಿಗಳೂ ದಶಕಗಳ ಕಾಲ ಅಳೆದಿದ್ದಾರೆ. ಆದರೆ ಭೂಕಂಪದ ದಿನಾಂಕವನ್ನು ನೆಚ್ಚುವಂತೆ ಹೇಳಬಲ್ಲ ವಿಧಾನ ಇದುವರೆಗೆ ಯಾರ ಕೈಗೂ ಸಿಕ್ಕಿಲ್ಲ.

ಈ ಬಗೆಯ ಭವಿಷ್ಯಗಳಲ್ಲಿ ಹೆಚ್ಚು ಗದ್ದಲ ಎಬ್ಬಿಸಿದ್ದು ಅಮೆರಿಕದ ಐಬೆನ್ ಬ್ರೌನಿಂಗ್ ನುಡಿದದ್ದು. ಹವಾಮಾನದ ಬಗ್ಗೆ ವ್ಯಾಪಾರಿ ಸಂಸ್ಥೆಗಳಿಗೆ ಸಲಹೆ ಕೊಡುತ್ತಿದ್ದ ಬ್ರೌನಿಂಗ್ ಭೂಕಂಪ ವಿಜ್ಞಾನಿಯಲ್ಲ. 1990ರ ಡಿಸೆಂಬರ್ 3ರ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ತುದಿ ಮುಟ್ಟುವುದರಿಂದ ಮಿಸೌರಿಯ ನ್ಯೂ ಮ್ಯಾಡ್ರಿಡ್ ವಲಯದಲ್ಲಿ ದೊಡ್ಡ ಭೂಕಂಪ ಆಗುವ ಸಾಧ್ಯತೆ ಶೇ 50ರಷ್ಟಿದೆ ಎಂದರು. ಅವರು ಹೆಸರಿಸಿದ ಜಾಗ ಬೆದರಿಸುವಂಥದೇ. 1811-12ರ ಚಳಿಗಾಲದಲ್ಲಿ ಅಲ್ಲಿ ಸಾಲುಸಾಲಾಗಿ ಭಾರಿ ಭೂಕಂಪಗಳಾಗಿದ್ದವು. ಅಕ್ಟೋಬರ್‌ನಲ್ಲಿ ತಜ್ಞರ ಸಮಿತಿಯೊಂದು ಈ ಲೆಕ್ಕಾಚಾರಕ್ಕೆ ಬುಡವಿಲ್ಲವೆಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಸೆಪ್ಟೆಂಬರ್ ಕೊನೆಗೆ ಅದೇ ವಲಯದಲ್ಲಿ ಸಾಧಾರಣ ಕಂಪನವೊಂದು ಆಗಿ, ಜನರ ಅಂಜಿಕೆಗೆ ಪುಷ್ಟಿ ಸಿಕ್ಕಿತ್ತು. ಹಲವು ಶಾಲೆಗಳಿಗೆ ರಜೆ ಕೊಟ್ಟರು. ಭೂಕಂಪ ವಿಮೆ ಭರದಿಂದ ಮಾರಾಟವಾಯಿತು. ನ್ಯೂ ಮ್ಯಾಡ್ರಿಡ್ ಎಂಬ ಪುಟ್ಟ ಪಟ್ಟಣದ ಬೀದಿಗಳಲ್ಲಿ ಟಿ.ವಿ. ವಾಹನಗಳು ಬೀಡುಬಿಟ್ಟವು. ಆ ದಿನ ಬಂತು, ಹೋಯಿತು, ಏನೂ ಆಗಲಿಲ್ಲ. ಬ್ರೌನಿಂಗ್ ಮರುವರ್ಷ ತೀರಿಕೊಂಡರು.

ಇಟಲಿಯ ರಫಾಯೆಲೆ ಬೆಂದಾಂದಿ (1893-1979) ಗ್ರಹಸ್ಥಿತಿಯಿಂದ ಭೂಕಂಪ ಹೇಳುತ್ತಿದ್ದ ಸ್ವಯಂಶಿಕ್ಷಿತರು. 2011ರ ಮೇ 11ರಂದು ರೋಮ್ ಕುಸಿಯುತ್ತದೆಂದು ಅವರು ಬರೆದಿಟ್ಟಿದ್ದಾರೆಂಬ ವದಂತಿ, ಅವರು ತೀರಿಕೊಂಡು ಮೂರು ದಶಕಗಳಾದ ಮೇಲೆ ಹಬ್ಬಿತು. ಅವರ ಕಾಗದಪತ್ರಗಳಲ್ಲಿ ಅಂಥ ಮಾತೇ ಇರಲಿಲ್ಲ. ಆದರೂ ಎಷ್ಟೋ ಮಂದಿ ಊರು ಬಿಟ್ಟರು. ರೋಮ್ ಅಲುಗಲಿಲ್ಲ. ಅದೇ ದಿನ ಸ್ಪೇನ್‌ನ ಲೋರ್ಕಾದಲ್ಲಿ ಭೂಕಂಪವಾಗಿ ಒಂಬತ್ತು ಜನ ಸತ್ತರು. ಅದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಇಟಲಿಯವರೇ ಆದ ಜಂಪಾವ್ಲೊ ಜೂಲಿಯಾನಿ ಪ್ರಕರಣ ಇಷ್ಟು ಸರಳವಲ್ಲ. ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞರಾಗಿದ್ದ ಅವರು ರೇಡಾನ್ ಅಳೆದು, 2009ರ ಮಾರ್ಚ್ ಕೊನೆಯಲ್ಲಿ ಸುಲ್ಮೋನಾ ಪಟ್ಟಣಕ್ಕೆ ಎಚ್ಚರಿಕೆ ಕೊಟ್ಟರು. ಗಾಬರಿ ಹುಟ್ಟಿಸಿದರೆಂದು ದೂರು ದಾಖಲಾಯಿತು. ಏಪ್ರಿಲ್ 6ರಂದು ಲಾಕ್ವಿಲಾದಲ್ಲಿ 6.3 ತೀವ್ರತೆಯ ಭೂಕಂಪ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ವ್ಯವಸ್ಥೆ ಬಾಯಿ ಮುಚ್ಚಿಸಿದ ಸತ್ಯವಂತ ಎಂಬ ಹೆಸರು ಜೂಲಿಯಾನಿಗೆ ಬಂತು. ಆದರೆ ಲಾಕ್ವಿಲಾ ಇರುವುದು ಸುಲ್ಮೋನಾದಿಂದ ಹತ್ತಾರು ಕಿ.ಮೀ. ದೂರದಲ್ಲಿ, ದಿನವೂ ತಪ್ಪಿತ್ತು. ಅವರ ಮಾತು ಕೇಳಿ ಸುಲ್ಮೋನಾ ತೆರವು ಮಾಡಿದ್ದರೆ, ಅಲ್ಲಿನವರು ಆಶ್ರಯಕ್ಕೆ ಲಾಕ್ವಿಲಾಗೇ ಹೋಗಿದ್ದಿರಬಹುದು.

ಮುನ್ಸೂಚನೆ ಪರೀಕ್ಷೆಗೆ ನಿಲ್ಲಬೇಕಾದರೆ ಜಾಗ, ಅವಧಿ, ತೀವ್ರತೆ ಮೂರನ್ನೂ ಮೊದಲೇ ಬಿಗಿಯಾಗಿ ಹೇಳಿರಬೇಕು. ಜಗತ್ತಿನಲ್ಲಿ 5 ಅಥವಾ ಹೆಚ್ಚಿನ ತೀವ್ರತೆಯ ಭೂಕಂಪಗಳು ವರ್ಷಕ್ಕೆ ಸಾವಿರಕ್ಕೂ ಮಿಕ್ಕಿ ಆಗುತ್ತವೆ. ‘ಈ ವಾರ ಪೆಸಿಫಿಕ್ ಅಂಚಿನಲ್ಲಿ ಎಲ್ಲೋ ಒಂದು ಕಡೆ’ ಎಂದವರು ಸೋಲುವುದೇ ಅಪರೂಪ. ಡಚ್ ಪ್ರಜೆ ಫ್ರಾಂಕ್ ಹೂಗರ್‌ಬೀಟ್ಸ್ 2023ರ ಫೆಬ್ರವರಿ 3ರಂದು ಟರ್ಕಿ-ಸಿರಿಯಾ ಭಾಗದಲ್ಲಿ ದೊಡ್ಡ ಭೂಕಂಪ ಆಗುವುದೆಂದರು, ಮೂರೇ ದಿನಕ್ಕೆ ಅದು ಆಯಿತು. ಜಗತ್ತು ಬೆರಗಾಯಿತು. ಆದರೆ ಅವರು ಹೇಳಿದ್ದು ‘ಇಂದಲ್ಲ ನಾಳೆ’ ಎಂಬಂಥ ದಿನಾಂಕವಿಲ್ಲದ ಮಾತು. ಅಲ್ಲಿನ ಭೂಸ್ತರಭಂಗದ ಅಪಾಯ ಭೂವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು.

ವೃತ್ತಿಪರರೂ ಎಡವಿದ್ದಾರೆ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ 1993ರೊಳಗೆ ಆಗಬೇಕೆಂದು ಉಪಕರಣ ಹೂಡಿ ಕಾದ ಭೂಕಂಪ ಆದದ್ದು 2004ರಲ್ಲಿ. ಚೀನಾದಲ್ಲಿ 1975ರ ಹೈಚೆಂಗ್ ಭೂಕಂಪಕ್ಕೆ ಮುಂಚೆ ಜನರನ್ನು ಹೊರಗೆ ಕಳಿಸಿದ್ದು ದೊಡ್ಡ ಗೆಲುವು. ಮರುವರ್ಷ ತಾಂಗ್‌ಶಾನ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಎಚ್ಚರಿಕೆಯಿಲ್ಲದೆ ಸತ್ತರು. ಈಗ ವಿಜ್ಞಾನಿಗಳು ದಿನಾಂಕದ ಬದಲು ದಶಕಗಳ ಅವಧಿಯ ಸಂಭವನೀಯತೆ ಹೇಳುತ್ತಾರೆ. ಜಪಾನಿನಲ್ಲಿರುವಂಥ ತುರ್ತು ಎಚ್ಚರಿಕೆ ವ್ಯವಸ್ಥೆ ಭೂಕಂಪ ಶುರುವಾದ ಮೇಲೆ, ವಿನಾಶಕಾರಿ ಅಲೆ ತಲುಪುವ ಮೊದಲಿನ ಕೆಲವು ಸೆಕೆಂಡುಗಳನ್ನು ಮಾತ್ರ ಕೊಡುತ್ತದೆ. ಹವ್ಯಾಸಿಗಳು ನಿಜಕ್ಕೂ ಉಪಯೋಗಕ್ಕೆ ಬರುವುದು ವೀಕ್ಷಣೆಯಲ್ಲಿ: ಮನೆಯಲ್ಲಿಡುವ ಚಿಕ್ಕ ಕಂಪನಮಾಪಕಗಳು, ಕಂಪನದ ಅನುಭವ ತಿಳಿಸುವ ಸಾರ್ವಜನಿಕ ವರದಿಗಳು ತೀವ್ರತೆಯ ನಕ್ಷೆ ತಯಾರಿಸಲು ನೆರವಾಗುತ್ತವೆ.

ಸಿದ್ಧತೆಗೆ ದಿನಾಂಕ ಬೇಕಿಲ್ಲ. ಅಟ್ಟದ ಭಾರದ ಸಾಮಾನು ಕೆಳಗಿಳಿಸುವುದು, ಕಪಾಟನ್ನು ಗೋಡೆಗೆ ಬಿಗಿಯುವುದು, ನಡುಗುವಾಗ ಗಟ್ಟಿ ಮೇಜಿನಡಿ ಸೇರಿ ತಲೆ ಕಾಪಾಡಿಕೊಳ್ಳುವುದು ಯಾರಿಗೂ ಸಾಧ್ಯ. ಮುಖ್ಯವಾದದ್ದು ಗೋಡೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ, ಉತ್ತರ ಕರ್ನಾಟಕವನ್ನೂ ನಡುಗಿಸಿದ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಬಹುಪಾಲು ಮಲಗಿದ್ದಲ್ಲೇ, ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆಗಳಡಿ ಸಿಕ್ಕಿ. ಅಂಥ ಮನೆಗಳಿಗೂ ಸುತ್ತ ಬಿಗಿಪಟ್ಟಿ ಹಾಕಿ, ಗೋಡೆಯ ಎರಡೂ ಮೈಗಳನ್ನು ಉದ್ದಗಲ್ಲುಗಳಿಂದ ಬೆಸೆದು ಗಟ್ಟಿಗೊಳಿಸುವ ಕ್ರಮವನ್ನು ಭಾರತೀಯ ಮಾನಕಗಳು ವಿವರಿಸುತ್ತವೆ.