ತರಲು ತೋಡಿದ ನಾಲೆ

ದಸರೆಯ ಮೆರವಣಿಗೆ ನೋಡಲು ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗಿನಿಂದಲೇ ಜಾಗ ಹಿಡಿದು ಕೂರುವವರಿಗೆ, ತಾವು ಕೂತಿರುವುದು ಒಂದು ಕಾಲುವೆಯ ಮೇಲೆ ಎಂಬುದು ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ. 1908ರ ಇಂಪೀರಿಯಲ್ ಗೆಜೆಟಿಯರ್ ಓದುವಾಗ ತಿಳಿಯಿತು: ಕಾವೇರಿಯ ನೀರನ್ನು ಊರಿಗೆ ತರಲೆಂದು ತೋಡಿದ್ದ ಪೂರ್ಣಯ್ಯ ನಾಲೆಯನ್ನು ಮುಚ್ಚಿ, ಅದರ ಮೇಲೆ ಈ ರಸ್ತೆಯನ್ನೂ ಇಕ್ಕೆಲದ ಒಂದೇ ಮಾದರಿಯ ಅಂಗಡಿಸಾಲುಗಳನ್ನೂ ಮಾಡಿದರಂತೆ. ಮೈಸೂರು ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿರುವ ಊರು ಎಂದೂ ಅದೇ ಗೆಜೆಟಿಯರ್ ಹೇಳುತ್ತದೆ. ನಾಲೆಯನ್ನು ಮುಚ್ಚಬಹುದು. ತಗ್ಗನ್ನು ಮುಚ್ಚಲಾಗುವುದಿಲ್ಲ.

ಪೂರ್ಣಯ್ಯನವರು ದಿವಾನರಾಗಿದ್ದದ್ದು 1799ರಿಂದ 1811ರವರೆಗೆ. ಅವರ ಹೆಸರಿನ ನಾಲೆಯಲ್ಲಿ ಕಾವೇರಿ ಊರು ಮುಟ್ಟಲಿಲ್ಲ. ಶತಮಾನದ ಕೊನೆಗೆ ಅದು ಬಂದದ್ದು ಪಂಪಿನ ಬಲದಿಂದ. ಆದರೆ ತೋಡಿದ ಗುಂಡಿ ಸುಮ್ಮನಿರಲಿಲ್ಲ. ಮಳೆನೀರು ಅದನ್ನು ತನ್ನದು ಮಾಡಿಕೊಂಡಿತು, ಕುಕ್ಕರಹಳ್ಳಿ ಕೆರೆಗೆ ಉಣಿಸಿತು. ಊರು ಪಶ್ಚಿಮಕ್ಕೆ ಬೆಳೆದಂತೆ ಬಡಾವಣೆಗಳ ಚರಂಡಿ ನೀರೂ ಸೇರಿತು. ಇಂದು ‘ಪೂರ್ಣಯ್ಯ ನಾಲೆ’ ಎಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ.

ನನ್ನ ಸಂಶೋಧನೆ ನಗರದ ಮಳೆಕಾಲುವೆಗಳ ಕುರಿತದ್ದು. ಎಷ್ಟು ಮಳೆಗೆ ಯಾವ ಬೀದಿ ಮುಳುಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ. ಕಾಲುವೆಯ ಬಗ್ಗೆ ಕಂಪ್ಯೂಟರ್ ಮುಖ್ಯವಾಗಿ ನಾಲ್ಕನ್ನು ಕೇಳುತ್ತದೆ: ಅಗಲ, ಆಳ, ಇಳಿಜಾರು, ಒರಟುತನ. ಯಾಕೆ ತೋಡಿದರು ಎಂದು ಕೇಳುವುದಿಲ್ಲ. ಆದರೆ ಉತ್ತರ ಇರುವುದೇ ಅಲ್ಲಿ. ನೀರು ತರುವ ನಾಲೆ ಎತ್ತರ ಕಳೆದುಕೊಳ್ಳಬಾರದು. ಹಾಗಾಗಿ ಇಳಿಜಾರಿಗೆ ಅಡ್ಡಲಾಗಿ, ಬಹಳ ನಿಧಾನವಾಗಿ ಇಳಿಯುತ್ತ ಸಾಗುತ್ತದೆ. ನೀರು ಒಯ್ಯುವ ಕಾಲುವೆ ನೇರ ತಗ್ಗಿಗೆ ಧುಮುಕಬೇಕು. ಒಂದೇ ಅಳತೆಯ ಕಾಲುವೆಯ ಇಳಿಜಾರು ಕಾಲುಭಾಗಕ್ಕೆ ಇಳಿದರೆ ಅದು ಒಯ್ಯುವ ನೀರು ಅರ್ಧಕ್ಕೆ ಇಳಿಯುತ್ತದೆ. ತರಲು ಹುಟ್ಟಿದ್ದಕ್ಕೆ ಒಯ್ಯುವ ಕೆಲಸ ಕೊಟ್ಟರೆ, ಮೇಲಿನ ಇಳಿಜಾರಿನ ನೀರನ್ನೆಲ್ಲ ಅದು ಅಡ್ಡಗಟ್ಟಿ ಹಿಡಿಯುತ್ತದೆ, ಬೇಗ ಸಾಗಿಸಲಾರದು.

ಎರಡನೆಯ ಊಹೆ ನೆಲದ್ದು. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದು ಬರುತ್ತದೆ ಎಂಬುದಕ್ಕೆ ಒಂದು ಗುಣಾಂಕ ಇಟ್ಟುಕೊಳ್ಳುತ್ತೇವೆ. 1851ರಲ್ಲಿ ಐರ್ಲೆಂಡಿನ ಎಂಜಿನಿಯರ್ ಮಲ್ವೇನಿ ವಿವರಿಸಿದ ವಿಧಾನದಿಂದ ಬೆಳೆದು ಬಂದ ಲೆಕ್ಕವಿದು. ನೂರು ಹೆಕ್ಟೇರಿನ ಮೇಲೆ ಗಂಟೆಗೆ 60 ಮಿಲಿಮೀಟರ್ ಮಳೆ ಸುರಿಯಿತೆನ್ನಿ. ಹೊಲ, ತೋಪುಗಳಿದ್ದಾಗ ಗುಣಾಂಕ 0.3 ಆದರೆ ನಾಲೆಗೆ ಸೆಕೆಂಡಿಗೆ 5 ಘನ ಮೀಟರ್ ಬರುತ್ತದೆ. ಅದೇ ನೆಲ ಸೈಟುಗಳಾಗಿ ಗುಣಾಂಕ 0.8 ಆದರೆ 13 ಘನ ಮೀಟರಿಗೂ ಹೆಚ್ಚು. ಮಳೆ ಬದಲಾಗಲಿಲ್ಲ, ನಾಲೆಯೂ ಬದಲಾಗಲಿಲ್ಲ. ಹಳೆಯ ನಕ್ಷೆಯ ಗುಣಾಂಕ ಹಾಕಿದರೆ ಊರು ಒಣಗಿಯೇ ಇರುತ್ತದೆ, ಕಾಗದದ ಮೇಲೆ.

ಮೂರನೆಯದು ಮಳೆ. ದಿನದ ಲೆಕ್ಕದಲ್ಲಿ 60 ಮಿಲಿಮೀಟರ್ ಎಂದಿದ್ದರೆ ಅದು ಹಗಲಿಡೀ ಜಿನುಗಿತೋ, ಸಂಜೆಯ ಒಂದೇ ಗಂಟೆಯಲ್ಲಿ ಸುರಿಯಿತೋ ತಿಳಿಯದು. ಹಿಂದಿನ ವಾರ ನೆಲ ಎಷ್ಟು ನೆನೆದಿತ್ತು ಎಂಬುದೂ ಮುಖ್ಯ. 2021ರ ಅಕ್ಟೋಬರಿನ ಮಳೆಗಳಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆ ಕುಸಿದದ್ದನ್ನು ನೆನೆಯಿರಿ. ನೆಂದ ನೆಲ ಬೇರೆಯೇ ನೆಲ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಮೊದಲ ನಕ್ಷೆಯಲ್ಲಿ ನಾಲೆಬದಿಯ ಒಂದು ಬೀದಿ ಒಣಗಿತ್ತು. ಟೇಪು ಹಿಡಿದು ಹೋದೆ. ಅಲ್ಲೊಬ್ಬ ಅಜ್ಜಿ ಅಡುಗೆಮನೆಯ ಗೋಡೆ ತೋರಿಸಿದರು. ಸುಣ್ಣದ ಮೇಲೆ ಮೊಣಕಾಲೆತ್ತರಕ್ಕೆ ಕಂದು ಗೆರೆ. “ಅಕ್ಕಿ ಮೂಟೆ ಅಟ್ಟಕ್ಕೆ ಹಾಕೋ ಹೊತ್ತಿಗೆ ಬಂದ್ಬಿಡ್ತು ಕಣಪ್ಪಾ” ಎಂದರು. ಪಕ್ಕದ ಮೋರಿಗೆ ಇಳಿದು ನೋಡಿದರೆ ಹೂಳು, ಪ್ಲಾಸ್ಟಿಕ್ಕು, ಕಟ್ಟಡದ ಕಲ್ಲುಮಣ್ಣು. ಕಾಗದದಲ್ಲಿದ್ದ ಆಳದ ಅರ್ಧವೂ ಖಾಲಿ ಇರಲಿಲ್ಲ. ಮೋರಿ ಶುದ್ಧವಾಗಿದೆ ಎಂದುಕೊಂಡದ್ದು ನಾನು.

ನಮ್ಮ ನಗರಗಳ ಬಹುತೇಕ ಕಾಲುವೆಗಳಲ್ಲಿ ಹರಿವು ಅಳೆಯುವ ಮಾಪಕವಿಲ್ಲ. ಹಾಗಾಗಿ ಲೆಕ್ಕ ಸರಿಯೋ ತಪ್ಪೋ ಎಂದು ಹೇಳಬಲ್ಲದ್ದು ಇಂಥ ಗೆರೆಗಳೇ. ನಕ್ಷೆಯಲ್ಲಿ ಒಣಗಿದ ಬೀದಿಗೆ ತಡೆಗೋಡೆಯ ಹಣ ಬರುವುದಿಲ್ಲ, ಹೂಳೆತ್ತುವ ಯಂತ್ರವೂ ಮೊದಲು ಬರುವುದಿಲ್ಲ. ನನ್ನ ಒಂದು ಊಹೆಯ ಬೆಲೆಯನ್ನು ಆ ಮನೆ ತೆರಬೇಕಾಗುತ್ತದೆ.

ಈಗ ನನ್ನ ಪ್ರತಿ ಸಂಖ್ಯೆಯ ಪಕ್ಕ ಒಂದು ಕಾಲಂ ಇದೆ: ಇದು ಎಲ್ಲಿಂದ ಬಂತು, ಯಾವ ವರ್ಷದ್ದು, ಯಾರು ಕಂಡದ್ದು. ನಾಲೆಯ ಸಾಲಿನಲ್ಲಿ ‘ತರಲು ತೋಡಿದ್ದು’ ಎಂದು ಬರೆದಿದ್ದೇನೆ. ಆ ಬೀದಿಯ ಸಾಲಿನಲ್ಲಿ ಗೋಡೆಯ ಗೆರೆಯ ಎತ್ತರವಿದೆ.