ಅರಿವು ಹಳ್ಳಿಯ ಮನೆಬಾಗಿಲಿಗೆ ಬಂದ ಬಗೆ

ಹಳ್ಳಿಯ ಹಸುಗೂಸು ಅಸುನೀಗಲು ಅಪರೂಪದ ವ್ಯಾಧಿಯೇ ತಗಲಬೇಕಾಗಿಲ್ಲ. ವಾಂತಿಭೇದಿ, ಕೆಮ್ಮುಜ್ವರ, ಪೌಷ್ಟಿಕ ಆಹಾರದ ಕೊರತೆ, ಹೆರಿಗೆಯ ಸಮಯದ ಅಶುಚಿ, ಇಷ್ಟೇ ಸಾಕು. ಇವಕ್ಕೆ ಪರಿಹಾರ ವೈದ್ಯರಿಗೆ ತಿಳಿದಿತ್ತು. ಆದರೆ ಆ ತಿಳಿವು ಪಟ್ಟಣದ ಆಸ್ಪತ್ರೆಯಲ್ಲಿ ಉಳಿದು, ಮಗು ಹಳ್ಳಿಯಲ್ಲಿ ಕಣ್ಮುಚ್ಚುತ್ತಿತ್ತು. ಈ ಅಂತರವನ್ನು ಅಳಿಸಲು ಮಹಾರಾಷ್ಟ್ರದ ಎರಡು ಹಿಂದುಳಿದ ಪ್ರದೇಶಗಳಲ್ಲಿ ನಡೆದ ಕಾರ್ಯ ಸ್ಮರಣೀಯವಾದುದು.

ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಡಾ. ರಜನೀಕಾಂತ್ ಆರೋಳೆ ಹಾಗೂ ಅವರ ಪತ್ನಿ ಡಾ. ಮೇಬಲ್ ಆರೋಳೆ 1970ರಲ್ಲಿ ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಜಾಮಖೇಡದಲ್ಲಿ ಗ್ರಾಮೀಣ ಆರೋಗ್ಯ ಯೋಜನೆಯನ್ನು ಆರಂಭಿಸಿದರು. ಅದು ಬರಪೀಡಿತ ಸೀಮೆ. ಮೊದಲು ಅವರು ತರಬೇತಾದ ದಾದಿಯರನ್ನು ಹಳ್ಳಿಗಳಿಗೆ ನೇಮಿಸಿದರು. ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಹೊರಗಿನಿಂದ ಬಂದವರಲ್ಲಿ ಹಳ್ಳಿಯ ತಾಯಂದಿರಿಗೆ ಸಲಿಗೆ ಹುಟ್ಟಲಿಲ್ಲ. ಆಗ ಆಯಾ ಊರಿನವರೇ ತಮ್ಮಲ್ಲಿನ ಒಬ್ಬ ಹೆಂಗಸನ್ನು ಆರಿಸಿ ಕಳುಹಿಸುವ ಏರ್ಪಾಡಾಯಿತು.

ಹಾಗೆ ಬಂದವರಲ್ಲಿ ಬಹುಮಂದಿ ಅನಕ್ಷರಸ್ಥರು, ಅನೇಕರು ದಲಿತರು. ವಾರಕ್ಕೊಮ್ಮೆ ಜಾಮಖೇಡಕ್ಕೆ ಬಂದು ಒಟ್ಟಿಗೆ ಉಂಡು, ಒಟ್ಟಿಗೆ ತಂಗಿ ಕಲಿಯುತ್ತಿದ್ದರು. ಮಗುವಿನ ತೂಕ ನೋಡುವುದು, ಭೇದಿಯಾದಾಗ ಉಪ್ಪು-ಸಕ್ಕರೆ ಬೆರೆತ ನೀರು ಕುಡಿಸುವುದು, ಬಸುರಿಯರ ಆರೈಕೆ, ಶುಚಿಯಾದ ಹೆರಿಗೆ, ಲಸಿಕೆಯ ಮಹತ್ವ, ಇವೇ ಪಾಠಗಳು. ಕೊಳವೆಬಾವಿಗಳನ್ನು ಬೇಕೆಂದೇ ದಲಿತರ ಕೇರಿಯಲ್ಲಿ ತೋಡಿಸಲಾಯಿತು. ಮೇಲ್ಜಾತಿಯವರೂ ಅಲ್ಲಿಗೇ ಬಂದು ನೀರು ಒಯ್ಯುವಂತಾಯಿತು. ಮಗುವಿನ ಆರೋಗ್ಯವು ಔಷಧದಿಂದ ಮಾತ್ರವಲ್ಲ, ಊರಿನ ನಡವಳಿಕೆಯಿಂದಲೂ ನಿರ್ಣಯವಾಗುತ್ತದೆಂಬುದನ್ನು ಆ ದಂಪತಿಗಳು ಅರಿತಿದ್ದರು. ಯೋಜನೆಯ ದಾಖಲೆಗಳಂತೆ, ಆರಂಭದಲ್ಲಿ ಸಾವಿರ ಜನನಗಳಿಗೆ 176ರಷ್ಟಿದ್ದ ಶಿಶುಮರಣ 1990ರ ದಶಕದ ವೇಳೆಗೆ 30ಕ್ಕಿಂತ ಕೆಳಗಿಳಿದಿತ್ತು. 1979ರಲ್ಲಿ ಆರೋಳೆ ದಂಪತಿಗಳಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಇದೇ ದಾರಿಯಲ್ಲಿ ಮತ್ತೊಂದು ಹೆಜ್ಜೆಯನ್ನಿಟ್ಟವರು ಗಡಚಿರೋಲಿ ಜಿಲ್ಲೆಯ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು. ನವಜಾತ ಶಿಶುವಿನ ನಂಜಿಗೆ ಆಸ್ಪತ್ರೆಯೇ ಗತಿಯೆಂಬ ಮಾತು ಆಗ ಪ್ರಚಲಿತವಾಗಿತ್ತು. ಆದರೆ ಆ ಕಾಡುಸೀಮೆಯ ತಾಯಂದಿರಿಗೆ ಆಸ್ಪತ್ರೆ ದೂರದ ಮಾತಾಗಿತ್ತು. ಬಂಗ್ ದಂಪತಿಗಳು 39 ಹಳ್ಳಿಗಳಲ್ಲಿ ಅಲ್ಪಸ್ವಲ್ಪ ಓದಿದ ಹೆಂಗಸರಿಗೆ ಕೂಸನ್ನು ಬೆಚ್ಚಗಿಡುವುದನ್ನೂ, ಉಸಿರಾಟದ ತೊಂದರೆಯನ್ನು ಗುರುತಿಸುವುದನ್ನೂ, ನಂಜು ಕಂಡಾಗ ಚುಚ್ಚುಮದ್ದು ಕೊಡುವುದನ್ನೂ ಕಲಿಸಿದರು. ಈ ಸೇವೆಯಿಲ್ಲದ ಹಳ್ಳಿಗಳೊಡನೆ ಹೋಲಿಸಿದಾಗ, ಮೂರನೆಯ ವರ್ಷದಲ್ಲಿ ನವಜಾತ ಶಿಶುಗಳ ಮರಣ ಶೇಕಡಾ 62ರಷ್ಟು ತಗ್ಗಿತ್ತು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು.

2005ರಲ್ಲಿ ಭಾರತ ಸರ್ಕಾರ ಆಶಾ ಕಾರ್ಯಕರ್ತೆಯರ ಯೋಜನೆಯನ್ನು ಜಾರಿಗೆ ತಂದಿತು. 2011ರಿಂದ ಅವರು ಬಾಣಂತಿಯ ಮನೆಗೇ ಹೋಗಿ 42 ದಿನಗಳೊಳಗೆ ಆರೇಳು ಬಾರಿ ಕೂಸನ್ನು ನೋಡಿಬರುವ ಕ್ರಮ ಬಂದಿತು. ನಮ್ಮ ರಾಜ್ಯದ ಹಳ್ಳಿಗಳಲ್ಲಿಯೂ ಇಂದು ಈ ಕಾರ್ಯ ನಡೆಯುತ್ತಿದೆ. ಆದರೂ ಅದೇ ಕಾರ್ಯಕರ್ತೆಯರು ತಕ್ಕ ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಧರಣಿ ಕೂರಬೇಕಾಯಿತೆಂಬುದು ವಿಷಾದದ ಸಂಗತಿ. ಕೂಸಿನ ಪ್ರಾಣವನ್ನು ಆಕೆಯ ಕೈಗೊಪ್ಪಿಸಿದ ಸಮಾಜ ಆಕೆಯ ಅನ್ನದ ಚಿಂತೆಯನ್ನು ಆಕೆಗೇ ಬಿಟ್ಟುಬಿಡುವುದು ನ್ಯಾಯವಲ್ಲ.

ಆಸ್ಪತ್ರೆಯ ಕೊಠಡಿಗೆ ದಾನವಿತ್ತವರ ಹೆಸರು ಗೋಡೆಯ ಕಲ್ಲಿನ ಮೇಲೆ ಕಾಣುತ್ತದೆ. ಒಬ್ಬ ಬಡ ಹೆಂಗಸಿನ ತರಬೇತಿಗೆ, ಆಕೆಯ ಕೈಯ ತಕ್ಕಡಿಗೆ, ಓಡಾಟದ ಖರ್ಚಿಗೆ ಕೊಟ್ಟ ಹಣ ಯಾವ ಕಲ್ಲಿನ ಮೇಲೂ ಕಾಣದು. ಜಾಮಖೇಡ ಮತ್ತು ಗಡಚಿರೋಲಿಗಳಲ್ಲಿ ಮಕ್ಕಳು ಉಳಿದದ್ದು ಬಹುಮಟ್ಟಿಗೆ ಈ ಎರಡನೆಯ ಬಗೆಯ ವೆಚ್ಚದಿಂದ ಎಂಬುದನ್ನು ದಾನ ಮಾಡಬಯಸುವ ಸಂಸ್ಥೆಗಳು ಮನಗಾಣುವುದು ಒಳಿತು.