ಗುರಿಯಾಟಗಳ ಚರಿತ್ರೆಯೂ ನಾನು ಕಸಿದುಕೊಂಡ ಒಂದು ಸ್ಟ್ರೈಕರೂ

ಕಳೆದ ಬೇಸಿಗೆಯಲ್ಲಿ ಹನಗೋಡಿನ ನಮ್ಮ ಮನೆಗೆ ಬಂದಿದ್ದ ಮೊಮ್ಮಗ ಪಡಸಾಲೆಯ ಗೋಡೆಗೆ ಒಂದು ದುಂಡನೆಯ ಹಲಗೆಯನ್ನು ತೂಗುಹಾಕಿದ. ಅಂಚಿನ ಸುತ್ತ ಒಂದರಿಂದ ಇಪ್ಪತ್ತರವರೆಗೆ ಅಂಕಿಗಳು, ನಡುವೆ ಕೆಂಪು ಚುಕ್ಕೆ. ಎಂಟಡಿ ದೂರ ನಿಂತು ಪುಟ್ಟ ಬಾಣಗಳನ್ನು ಎಸೆಯುವ ಈ ಆಟಕ್ಕೆ ಡಾರ್ಟ್ಸ್ ಎಂದು ಹೆಸರು. "ತಾತ, ಇದನ್ನೇ ಆಡಿ ಹದಿನೇಳು ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ, ಗೊತ್ತಾ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಅವನು ಹೇಳಿದ್ದು ಲ್ಯೂಕ್ ಲಿಟ್ಲರ್ ಎಂಬ ಇಂಗ್ಲೆಂಡಿನ ಹುಡುಗನ ವಿಷಯ. 2007ರಲ್ಲಿ ಹುಟ್ಟಿದ ಈತ 2025ರ ಜನವರಿಯಲ್ಲಿ ಲಂಡನ್ನಿನಲ್ಲಿ ವಿಶ್ವ ಪ್ರಶಸ್ತಿ ಗೆದ್ದಾಗ ಬಂದ ಬಹುಮಾನ ಐದು ಲಕ್ಷ ಪೌಂಡು. ಅವನಿಗಿಂತ ಹಿಂದೆ ಇದೇ ಆಟದಲ್ಲಿ ಹದಿನಾರು ಬಾರಿ ವಿಶ್ವ ಚಾಂಪಿಯನ್ ಆದ ಫಿಲ್ ಟೇಲರ್ ಪಿಂಗಾಣಿ ಕಾರ್ಖಾನೆಯ ಕೂಲಿಯಾಳಾಗಿದ್ದವನು. ಎರಿಕ್ ಬ್ರಿಸ್ಟೋ ಎಂಬ ಹಿರಿಯ ಆಟಗಾರ ಹಣಕಾಸಿನ ನೆರವು ಕೊಟ್ಟು ಕೈಹಿಡಿದುದರಿಂದ ಕಾರ್ಖಾನೆ ಬಿಟ್ಟು ಹೊರಬಂದ. 1990ರ ವಿಶ್ವ ಪಂದ್ಯದ ಅಂತಿಮ ಸುತ್ತಿನಲ್ಲಿ ಆ ಬ್ರಿಸ್ಟೋನನ್ನೇ ಸೋಲಿಸಿದ.

ಮೊಮ್ಮಗನ ಮಾತು ಕೇಳಿದ ರಾತ್ರಿ ನನಗೆ ಸರಿಯಾಗಿ ನಿದ್ರೆ ಹತ್ತಲಿಲ್ಲ. ಕಾರಣವನ್ನು ಈ ಬರಹದ ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಪಾಠ ಹೇಳುವ ಹಳೆಯ ಚಾಳಿ ಬಿಡದ ಈ ಮೇಷ್ಟರಿಂದ ನನ್ನ ಶಿಷ್ಯರೂ ಬಂಧುಗಳೂ ಸ್ವಲ್ಪ ಚರಿತ್ರೆಯನ್ನು ಕೇಳಿಸಿಕೊಳ್ಳಬೇಕು.

ಕೋಣೆಯೊಳಗೆ ನಿಂತು, ಮೈಯನ್ನು ಅಲುಗಿಸದೆ, ಕಣ್ಣು ಮತ್ತು ಕೈಗಳನ್ನಷ್ಟೇ ನಂಬಿ ಆಡುವ ಗುರಿಯಾಟಗಳ ಜಾತಿಯೇ ಬೇರೆ. ನಮ್ಮ ಗೋಲಿ, ಕೇರಂ ಆ ಜಾತಿಗೆ ಸೇರಿದವು; ಡಾರ್ಟ್ಸ್, ಬಿಲಿಯರ್ಡ್ಸ್, ಸ್ನೂಕರ್ ಕೂಡ. ಇವುಗಳ ಪೈಕಿ ಸ್ನೂಕರಿಗೂ ನಮ್ಮ ಸೀಮೆಗೂ ಒಂದು ನಂಟುಂಟು. ಸ್ನೂಕರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, 1875ರಲ್ಲಿ ಜಬ್ಬಲ್‌ಪುರದ ಸೇನಾ ಶಿಬಿರದಲ್ಲಿ. ಮಳೆಗಾಲದಲ್ಲಿ ಹೊತ್ತು ಹೋಗದ ಬ್ರಿಟಿಷ್ ಅಧಿಕಾರಿಗಳಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟವೊಂದನ್ನು ಕಟ್ಟಿದ. ಮುಂದೆ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಈತ ಬೇರೆ. ಪರೀಕ್ಷೆಯಲ್ಲಿ ಬೆರೆಸಿ ಬರೆಯಬೇಡಿ. ಸೈನಿಕ ಶಾಲೆಗೆ ಹೊಸದಾಗಿ ಸೇರಿದ ಅರಿಯದ ಹುಡುಗನನ್ನು ಅಂದಿನ ಆಡುಮಾತಿನಲ್ಲಿ 'ಸ್ನೂಕರ್' ಎನ್ನುತ್ತಿದ್ದರಂತೆ. ಸುಲಭದ ಚೆಂಡನ್ನು ತಪ್ಪಿಸಿದ ಗೆಳೆಯನನ್ನು ಚೇಂಬರ್ಲೇನ್ ಹಾಗೆಂದು ಛೇಡಿಸಿದ; ಹೆಸರು ಆಟಕ್ಕೇ ಅಂಟಿಕೊಂಡಿತು. ಮುಂದೆ ಆತ ಮದರಾಸು ಸೇನಾಧಿಪತಿಯ ಬಳಿ ಕೆಲಸಕ್ಕೆ ಸೇರಿ ಊಟಿಗೆ ಬಂದ. 1882ರಲ್ಲಿ ಸ್ನೂಕರಿನ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದ್ದು ಅಲ್ಲಿಯ ಊಟಿ ಕ್ಲಬ್ಬಿನಲ್ಲಿ. ನಾವು ಶಾಲಾ ಪ್ರವಾಸಕ್ಕೆಂದು ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗುತ್ತಿದ್ದೆವಲ್ಲ, ಆ ಊಟಿಯೇ! ಹೂದೋಟವನ್ನೂ ಕೆರೆಯನ್ನೂ ನಿಮಗೆ ತೋರಿಸಿದ ನಾನು ಈ ಮಾತನ್ನು ಒಮ್ಮೆಯೂ ಹೇಳಲಿಲ್ಲ. ನನಗೇ ತಿಳಿದಿರಲಿಲ್ಲ.

ಇನ್ನೊಂದು ನಂಟು ಅಷ್ಟು ಸಂತೋಷದ್ದಲ್ಲ. ಆ ಕಾಲದ ಬಿಲಿಯರ್ಡ್ಸ್ ಚೆಂಡುಗಳನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ಒಂದು ದಂತದಿಂದ ಒಳ್ಳೆಯ ಚೆಂಡುಗಳು ಸಿಗುತ್ತಿದ್ದುದು ಕೆಲವೇ ಕೆಲವು. ದಂತದ ಕೊರತೆ ಕಾಡಿದಾಗ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಜಾನ್ ಹಯಾಟ್ ಸೆಲ್ಯುಲಾಯ್ಡ್ ಎಂಬ ಕೃತಕ ವಸ್ತುವಿನ ಚೆಂಡು ಮಾಡಿ ನೋಡಿದ. ಪ್ಲಾಸ್ಟಿಕ್ಕಿನ ಚರಿತ್ರೆಯ ಮೊದಲ ಪುಟಗಳಲ್ಲೇ ಹೀಗೆ ಒಂದು ಆಟದ ಚೆಂಡು ಉರುಳುತ್ತದೆ. ಕಾಕನಕೋಟೆಯ ಖೆಡ್ಡಾದ ಕಥೆಗಳನ್ನು ಕೇಳಿ ಬೆಳೆದ, ನಾಗರಹೊಳೆಯ ಆನೆಗಳಿಗೆ ಇಂದಿಗೂ ರಾತ್ರಿ ಹೊಲ ಕಾಯುವ ನಮ್ಮ ಜನರಿಗೆ ಇದು ತಿಳಿದಿರಬೇಕಾದ ಸಂಗತಿ.

ಸ್ವತಂತ್ರ ಭಾರತ ಯಾವುದೇ ವೈಯಕ್ತಿಕ ಕ್ರೀಡೆಯಲ್ಲಿ ಕಂಡ ಮೊದಲ ವಿಶ್ವ ಚಾಂಪಿಯನ್ ಯಾರೆಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಅವರು ವಿಲ್ಸನ್ ಜೋನ್ಸ್. 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು, 1964ರಲ್ಲಿ ಮತ್ತೊಮ್ಮೆ. ಅವರ ನಂತರ ಮೈಕೆಲ್ ಫೆರೇರಾ, ಆಮೇಲೆ ಗೀತ್ ಸೇಠಿ. ಈ ಸಾಲಿನ ಮುಂದಿನ ಹೆಸರು ನಮ್ಮ ಬೆಂಗಳೂರಿನದು: ಪಂಕಜ್ ಅಡ್ವಾಣಿ.

ಪಂಕಜ್ ಹುಟ್ಟಿದ್ದು 1985ರ ಜುಲೈ 24ರಂದು, ಪುಣೆಯಲ್ಲಿ. ಮೊದಲ ವರ್ಷಗಳನ್ನು ಕಳೆದದ್ದು ಕುವೈತಿನಲ್ಲಿ. 1990ರಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ದಿನಗಳಲ್ಲಿ ನೆಲೆ ತಪ್ಪಿದ ಸಾವಿರಾರು ಭಾರತೀಯ ಕುಟುಂಬಗಳಲ್ಲಿ ಅವರದೂ ಒಂದು. ಬೆಂಗಳೂರಿಗೆ ಬಂದು ನೆಲೆಸಿದರು. ಹುಡುಗನಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಕಾಜಲ್ ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಬೆಳೆಸಿದರು. ಹತ್ತು ವರ್ಷದವನಿದ್ದಾಗ ಅಣ್ಣ ಶ್ರೀ ಜೊತೆ ಸ್ನೂಕರ್ ಕೋಣೆಯೊಂದಕ್ಕೆ ಹೋದ ಪಂಕಜ್ ಅಲ್ಲಿಯೇ ಆಟದ ಮೋಡಿಗೆ ಸಿಕ್ಕಿಬಿದ್ದ.

ಅಂದಿನ ದಿನಗಳಲ್ಲಿ ಇಂಥ ಕೋಣೆಗಳ ಬಗ್ಗೆ ಜನರಿಗೆ ಎಂಥ ಅಭಿಪ್ರಾಯವಿತ್ತೆಂಬುದನ್ನು ನಾನು ಬಲ್ಲೆ. ಸಿಗರೇಟಿನ ಹೊಗೆ, ಸೋಮಾರಿಗಳ ಹರಟೆ, ಜೂಜು. ತಂದೆಯಿಲ್ಲದ ಮಗ ಅಲ್ಲಿಗೆ ಹೋಗುತ್ತಾನೆಂದರೆ ಯಾವ ತಾಯಿಗೂ ಎದೆ ನಡುಗಬೇಕು. ಆದರೆ ಆ ತಾಯಿ ಬಾಗಿಲು ಮುಚ್ಚಲಿಲ್ಲ. ಹುಡುಗ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳ ಬಳಿಗೆ ಬಂದ. ಅಲ್ಲಿ ಅವನಿಗೆ ಒಬ್ಬ ಗುರು ದೊರೆತರು. ಸ್ವತಃ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಅರವಿಂದ್ ಸವೂರ್ ಅವನನ್ನು ತಿದ್ದಿ ತೀಡಿದರು. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ, ಹಸುರು ಬಟ್ಟೆಯ ಕೆಳಗೆ ಕಲ್ಲುಹಾಸಿರುವ ಆ ಮೇಜು ಬಡವರ ಮನೆಗೆ ಬರುವಂಥದ್ದಲ್ಲ, ಮಧ್ಯಮ ವರ್ಗದ ಮನೆಗೂ ಅಲ್ಲ. ಊರಿನಲ್ಲಿ ಅಂಥ ಒಂದು ಸಂಸ್ಥೆಯಿತ್ತು, ಕಲಿಸುವವರಿದ್ದರು, ಮನೆಯವರ ಒಪ್ಪಿಗೆಯಿತ್ತು. ಈ ಮೂರೂ ಒಂದೆಡೆ ಕೂಡಿದ ಮೇಲೆಯೇ ಪ್ರತಿಭೆಯ ಲೆಕ್ಕ ಆರಂಭವಾಗುವುದು.

ಆಮೇಲಿನದು ಬೆರಗಿನ ಏರಿಕೆ. 2000ದಲ್ಲಿ ರಾಷ್ಟ್ರೀಯ ಕಿರಿಯರ ಬಿಲಿಯರ್ಡ್ಸ್ ಪ್ರಶಸ್ತಿ. 2003ರಲ್ಲಿ, ಹದಿನೆಂಟರ ಹರೆಯದಲ್ಲಿ, ಚೀನಾದ ಜಿಯಾಂಗ್‌ಮೆನ್ನಿನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ. 2005ರಲ್ಲಿ ಮಾಲ್ಟಾದಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಎರಡೂ ಬಗೆಗಳಲ್ಲಿ ಗೆಲುವು. ಬಿಲಿಯರ್ಡ್ಸನ್ನು ಗೊತ್ತುಮಾಡಿದ ಅಂಕ ಮುಟ್ಟುವವರೆಗೆ ಆಡುವುದು ಒಂದು ಬಗೆ, ಗೊತ್ತುಮಾಡಿದ ಹೊತ್ತಿನವರೆಗೆ ಆಡುವುದು ಇನ್ನೊಂದು. ಒಂದು ವೇಗದ ಓಟ, ಮತ್ತೊಂದು ದೀರ್ಘ ಓಟ ಎನ್ನಬಹುದು. ಎರಡನ್ನೂ ಒಂದೇ ವರ್ಷ ಗೆದ್ದ ಈ ಸಾಧನೆಯನ್ನು 2008ರಲ್ಲಿ ತನ್ನ ಬೆಂಗಳೂರಿನಲ್ಲಿಯೇ ಮತ್ತೆ ಮಾಡಿದರು. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆ ಕಾಲದ ದಿಗ್ಗಜ ಮೈಕ್ ರಸಲ್‌ರನ್ನು ಮಣಿಸಿ ವೃತ್ತಿಪರರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿಯನ್ನೂ ತಂದರು. ಏಷ್ಯನ್ ಕ್ರೀಡಾಕೂಟದಲ್ಲಿ 2006ರಲ್ಲಿ ದೋಹಾದಲ್ಲಿ, 2010ರಲ್ಲಿ ಗುವಾಂಗ್‌ಝೌನಲ್ಲಿ ಚಿನ್ನ. ಇಷ್ಟರ ನಡುವೆ ಬೆಂಗಳೂರಿನ ಜೈನ್ ಕಾಲೇಜಿನಲ್ಲಿ ಬಿ.ಕಾಂ. ಓದನ್ನೂ ಮುಗಿಸಿದರು. ಆಟವಾಡಿದರೆ ಓದು ಹಾಳು ಎನ್ನುವವರು ಇದನ್ನು ಗಮನಿಸಬೇಕು. ಆ 'ಎನ್ನುವವರಲ್ಲಿ' ನಾನೂ ಒಬ್ಬನಾಗಿದ್ದೆ.

2012ರಲ್ಲಿ ಅವರು ವೃತ್ತಿಪರ ಸ್ನೂಕರಿನ ದೊಡ್ಡ ಕಣಕ್ಕೆ ಇಳಿದರು. ಹಣವೂ ಹೆಸರೂ ಇರುವುದು ಅಲ್ಲಿ. 2013ರ ವೆಲ್ಷ್ ಓಪನ್‌ನಲ್ಲಿ ಎಂಟರ ಘಟ್ಟ ಮುಟ್ಟಿ, ಶ್ರೇಯಾಂಕದ ಪಂದ್ಯಾವಳಿಯೊಂದರಲ್ಲಿ ಅಷ್ಟು ದೂರ ಸಾಗಿದ ಮೊದಲ ಭಾರತೀಯರಾದರು. ಆದರೆ ಎರಡು ಋತುಗಳ ಬಳಿಕ, 2014ರಲ್ಲಿ, ಆ ಕಣವನ್ನು ಬಿಟ್ಟು ಮನೆಗೆ ಮರಳಿದರು. ಇದು ಸೋಲೇ? ಹಾಗೆನ್ನಲಾರೆ. ಅದೇ ವರ್ಷ ಲೀಡ್ಸ್‌ನಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಎರಡೂ ಬಗೆಗಳನ್ನು ಮೂರನೆಯ ಬಾರಿಗೆ ಗೆದ್ದರು. 2024ರ ನವೆಂಬರಿನಲ್ಲಿ ದೋಹಾದಲ್ಲಿ ಗೆದ್ದಾಗ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28ಕ್ಕೆ ಮುಟ್ಟಿತು. ಖೇಲ್‌ರತ್ನ, 2009ರಲ್ಲಿ ಪದ್ಮಶ್ರೀ, 2018ರಲ್ಲಿ ಪದ್ಮಭೂಷಣ ಬಂದವು.

ಇಷ್ಟಾದರೂ ನಮ್ಮ ಹಳ್ಳಿಯ ಹತ್ತು ಮಕ್ಕಳನ್ನು ನಿಲ್ಲಿಸಿ ಕೇಳಿದರೆ ಅವರ ಹೆಸರು ಎಷ್ಟು ಜನಕ್ಕೆ ಗೊತ್ತಿದ್ದೀತು? ಬಿಲಿಯರ್ಡ್ಸ್ ಒಲಿಂಪಿಕ್ಸಿಗೆ ಸೇರಿಲ್ಲ. 2010ರ ನಂತರ ಏಷ್ಯನ್ ಕೂಟವೂ ಅದನ್ನು ಕೈಬಿಟ್ಟಿತು. ಕ್ರಿಕೆಟ್ಟಿನಂತೆ ಮೈದಾನ ತುಂಬುವ ಜನ ಅದಕ್ಕಿಲ್ಲ. ಒ.ಎನ್.ಜಿ.ಸಿ.ಯಂಥ ಸಾರ್ವಜನಿಕ ಉದ್ಯಮದ ನೌಕರಿ ಅವರ ಬೆನ್ನಿಗಿತ್ತು. ಲಿಟ್ಲರ್‌ನ ಐದು ಲಕ್ಷ ಪೌಂಡಿನ ಎದುರಿಗೆ ಇದನ್ನಿಟ್ಟು ನೋಡಿದರೆ, ಆಟಗಾರನ ಭಾಗ್ಯವನ್ನು ನಿರ್ಧರಿಸುವುದು ಅವನ ಕೈಚಳಕವೊಂದೇ ಅಲ್ಲ, ಅವನ ನಾಡು ಯಾವ ಆಟವನ್ನು ನೋಡಲು ಕುಳಿತಿದೆ ಎಂಬುದೂ ಹೌದು ಎಂದು ತಿಳಿಯುತ್ತದೆ.

ಈಗ ನನ್ನ ನಿದ್ರೆಗೇಡಿನ ಕಥೆ. 1979ನೆಯ ಇಸವಿ. ನಾನಾಗ ಹೊಸ ಮೇಷ್ಟ್ರು, ಕೋಪವೂ ಹೊಸದು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ, ಹೆಸರು ಬೇಡ. ಅವನ ಹಾಗೆ ಕೇರಂ ಆಡುವವನನ್ನು ನಾನು ಅಂದಿಗೂ ಕಂಡಿಲ್ಲ, ಇಂದಿಗೂ ಕಂಡಿಲ್ಲ. ಟೀ ಅಂಗಡಿಯ ಹಿಂದಿನ ಜಗಲಿಯಲ್ಲಿ ದೊಡ್ಡವರು ಅವನ ಸುತ್ತ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಂದು ಮಧ್ಯಾಹ್ನ ತರಗತಿ ತಪ್ಪಿಸಿ ಅಲ್ಲಿದ್ದವನನ್ನು ಕಿವಿ ಹಿಡಿದು ಶಾಲೆಗೆ ಎಳೆತಂದೆ. ಅವನ ಕೈಯಲ್ಲಿದ್ದ ಸ್ಟ್ರೈಕರನ್ನು ಕಸಿದುಕೊಂಡು, "ಇದು ನಿನಗೆ ಅನ್ನ ಹಾಕುತ್ತದೇನೋ?" ಎಂದು ಎಲ್ಲರೆದುರು ಕೇಳಿದೆ. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಶಾಲೆಗೆ ಬರುವುದು ಕಡಿಮೆಯಾಯಿತು. ಎಸ್ಸೆಸ್ಸೆಲ್ಸಿಗೆ ಕೂರಲೇ ಇಲ್ಲ. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಬೆಂಕಿ ಕಾಯುವ ಕೆಲಸಕ್ಕೆ ಹೋದನೆಂದು ಕೇಳಿದೆ.

ಸ್ಟ್ರೈಕರ್ ನನ್ನ ಬಳಿಯೇ ಉಳಿಯಿತು. ಡಾರ್ಟ್ಸ್ ಹಲಗೆ ಬಂದ ಮರುವಾರ ಹಳೆಯ ಟ್ರಂಕು ಹುಡುಕಿ ಅದನ್ನು ತೆಗೆದೆ. ಹುಣಸೂರಿನಲ್ಲಿ ಒಂದು ಮದುವೆಗೆ ಹೋಗುವಾಗ, ಅವನೂ ಬರಬಹುದೆಂದು ಜೇಬಿನಲ್ಲಿ ಇಟ್ಟುಕೊಂಡೆ. ಬಂದಿದ್ದ. ಅರವತ್ತು ದಾಟಿದವನು, ನನಗಿಂತ ಹೆಚ್ಚು ಬಾಗಿದ್ದ. "ಮೇಷ್ಟ್ರೇ, ಚೆನ್ನಾಗಿದ್ದೀರಾ?" ಎಂದು ಕಾಲಿಗೆ ಬಗ್ಗಿದ. ನಾನು ಸ್ಟ್ರೈಕರನ್ನು ಅವನ ಕೈಗಿಟ್ಟು, "ಇದು ನಿನ್ನದು, ಅಂದು ತಪ್ಪು ಮಾಡಿದೆ ಕಣಪ್ಪ" ಎಂದೆ. ಅವನು ಅದನ್ನು ಬೆರಳ ತುದಿಯಲ್ಲಿ ಒಮ್ಮೆ ತಿರುಗಿಸಿ ನಕ್ಕ. "ಇದು ನಂದಲ್ಲ ಮೇಷ್ಟ್ರೇ, ಟೀ ಅಂಗಡಿಯವರದು. ಕಳೆದುಹಾಕಿದೆ ಅಂತ ನಮ್ಮಪ್ಪನ ಲೆಕ್ಕಕ್ಕೆ ಬರ್ಕೊಂಡಿದ್ರು. ನಾನು ಒಂದು ವಾರ ಲೋಟ ತೊಳೆದು ತೀರಿಸಿದೆ" ಎಂದ.

ನಲವತ್ತೈದು ವರ್ಷಗಳಿಗೂ ಮೇಲೆ ನಾನು ಆ ಘಟನೆಯನ್ನು ಬಲ್ಲೆನೆಂದುಕೊಂಡಿದ್ದೆ. ಅರ್ಧ ಮಾತ್ರ ಬಲ್ಲವನಾಗಿದ್ದೆ. ಆ ಹುಡುಗ ಚಾಂಪಿಯನ್ ಆಗುತ್ತಿದ್ದ ಎಂದು ನಾನು ಹೇಳಲಾರೆ. ಹಾಗೆ ಹೇಳಿ ನನ್ನ ತಪ್ಪನ್ನು ದೊಡ್ಡದು ಮಾಡಿಕೊಂಡು ಮೆರೆಯುವುದೂ ಒಂದು ಬಗೆಯ ಅಹಂಕಾರ. ಆದರೆ ಬೆಂಗಳೂರಿನಲ್ಲಿ ಒಬ್ಬ ಹುಡುಗನಿಗೆ ಹತ್ತನೆಯ ವಯಸ್ಸಿನಲ್ಲಿ ಅಣ್ಣ, ತಾಯಿ, ಗುರು ಮೂವರೂ ಬಾಗಿಲು ತೆರೆದರು. ಹನಗೋಡಿನ ಹುಡುಗನಿಗೆ ಇದ್ದ ಒಂದೇ ಬಾಗಿಲನ್ನು ಅವನ ಮೇಷ್ಟ್ರೇ ಮುಚ್ಚಿದ. ಇಷ್ಟು ಮಾತ್ರ ಖಂಡಿತ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ಮಕ್ಕಳ ಕೈಯಿಂದ ಏನನ್ನಾದರೂ ಕಸಿದುಕೊಳ್ಳುವ ಮುನ್ನ, ಅದು ಯಾರದು, ಅದರ ಬೆಲೆಯನ್ನು ತೆರುವವರು ಯಾರು ಎಂದು ಒಮ್ಮೆ ಕೇಳಿ. ಸ್ಟ್ರೈಕರನ್ನು ಅವನು ಬೇಡವೆನ್ನಲಿಲ್ಲ. ಅವನ ಮೊಮ್ಮಗಳು ಶಾಲೆಯಲ್ಲಿ ಕೇರಂ ಆಡುತ್ತಾಳಂತೆ. ಅವಳಿಗೆ ಕೊಡುತ್ತೇನೆಂದು ಜೇಬಿಗೆ ಹಾಕಿಕೊಂಡ.